ಬಾರ್ಲಿಕಾಳಿನ ಕಣ್ಣುಗಳು

ಲಿತುಕಾ ಮೂಳೆಯ ಮೊನೆಯನ್ನು ಹಸಿಮಣ್ಣಿನ ಕಣ್ಣಿಗೆ ಚುಚ್ಚಿ ಮೆಲ್ಲಗೆ ತಿರುಗಿಸಿದಳು. ಪಾಪೆ ತೆರೆದುಕೊಂಡಿತು.

"ಮುಚ್ಚೇ ಅದನ್ನ," ಎಂದಳು ವಾಕಿಯಾ.

ಮುದುಕಿ ವಾಕಿಯಾ ಮಡಕೆ ಸುಡುವ ಆ ಆವೆಯ ಒಡತಿ; ಲಿತುಕಾ ಅವಳ ಬಳಿ ಕೆಲಸಕ್ಕಿದ್ದವಳು. ಕೈಯಲ್ಲಿದ್ದ ಸಿಂಪಿಯೊಳಗಿನ ಮಾಂಸವನ್ನು ಬಾಯಿಗೆ ಸುರಿದುಕೊಳ್ಳುವುದನ್ನೂ ಮರೆತು ನಿಂತಿದ್ದಳು. ಕಾಮುಲೊದೂನ ಊರಿನ ಕುಂಬಾರರು ಸತ್ತವರ ಬೂದಿಗೆಂದು ಮುಖದ ಮಡಕೆ ಮಾಡುತ್ತಿದ್ದುದು ಒಂದೇ ರೀತಿ: ಬಾರ್ಲಿಕಾಳಿನಷ್ಟು ಮಣ್ಣು ಅಂಟಿಸಿ, ನಡುವೆ ಜೊಂಡಿನಿಂದ ಒಂದು ಗೀರು ಎಳೆಯುವುದು. ಮುಚ್ಚಿದ ಕಣ್ಣು.

"ರೈನ್ ನದಿಯ ದಂಡೆ ಮೇಲೆ ನಮ್ಮಪ್ಪ ಮಡಕೆಗೆ ಹುಬ್ಬು, ಗಡ್ಡ, ನರಹುಲಿ ಎಲ್ಲಾ ಇಡ್ತಿದ್ದ," ಎಂದಳು ಲಿತುಕಾ. "ನಿಮ್ಮ ಮಡಕೆಗಳೋ, ಹೆಂಡ ಕುಡಿದು ಮಲಗಿರೋ ಮಾವಂದಿರ ಹಾಗಿವೆ."

"ಅದು ಯಾರ ಮುಖ?"

"ನಂದೇ. ಯಾಕೆ, ಹೋಲ್ತಿಲ್ವಾ?"

"ಉಸಿರಾಡೋರ ಮುಖ ಮಾಡಿ ಕಣ್ಣು ತೆರೆದ್ರೆ ಮಡಕೆ ತನ್ನ ಬೂದಿ ಕೇಳುತ್ತೆ ಕಣೇ. ತುಂಬೋವರೆಗೂ ಬಿಡಲ್ಲ."

"ಕೇಳಲಿ. ಕಿವೀನೂ ಇಟ್ಟಿದ್ದೀನಿ, ಉತ್ತರಾನೂ ಕೇಳಿಸ್ಕೊಳ್ಳಲಿ."

ಸಿಂಪಿಯ ಚಿಪ್ಪನ್ನು ನೆಲಕ್ಕೆಸೆದು ವಾಕಿಯಾ ಹೊರಟುಹೋದಳು.

ಆವೆ ಆರಿದ ಮೇಲೆ ಲಿತುಕಾ ಒಳಗೆ ತೆವಳಿ ತನ್ನ ಮಡಕೆಯನ್ನು ಹೊರತೆಗೆದಳು. ಬಿರುಕಿಲ್ಲ, ಸೊಟ್ಟಗಿಲ್ಲ. ಆದರೆ ಒಳಗೆ ಕೈ ಹಾಕಿದಾಗ ತಳದಲ್ಲಿ ಬೆರಳಿಗೆ ಏನೋ ನುಣ್ಣಗೆ ಹತ್ತಿತು. ಬೂದಿ. ಸುಟ್ಟ ಕೂದಲಿನ ನಾತ. ಆವೆಯ ಬೂದಿಯೇ ಹಾರಿ ಬಿದ್ದಿರಬೇಕು ಎಂದುಕೊಂಡು ಕೊಡವಿ, ಚಪ್ಪರದ ಹಲಗೆಯ ಮೇಲೆ ಬೋರಲು ಹಾಕಿದಳು.

ಮರುದಿನ ಮಡಕೆ ನೆಟ್ಟಗೆ ನಿಂತಿತ್ತು. ಒಳಗೆ ಒಂದು ಹಿಡಿ ಬೂದಿ. ಮೂರನೆಯ ದಿನ ಮೂರು ಹಿಡಿ. ಚೆಲ್ಲಿದರೆ ಚೆಲ್ಲಿದಷ್ಟೂ ಮಧ್ಯಾಹ್ನಕ್ಕೆ ಮರಳುತ್ತಿತ್ತು. ಮಡಕೆಯ ಬಾಯಿಗೆ ಕಿವಿಯಿಟ್ಟರೆ ಒಳಗೆ ಉಸಿರು ಕೇಳುತ್ತಿತ್ತು. ಅವಳು ಉಸಿರು ಬಿಗಿಹಿಡಿದರೆ ಅದೂ ನಿಲ್ಲುತ್ತಿತ್ತು.

"ಗಾಳಿ," ಎಂದಳು ಲಿತುಕಾ, ಯಾರೂ ಕೇಳದಿದ್ದರೂ.

ಐದನೆಯ ದಿನ ಮಣ್ಣು ತುಳಿಯಲು ಗುಂಡಿಗಿಳಿದಳು. ಪ್ರತಿ ಬೆಳಗಿನ ಕೆಲಸ. ಮೊಣಕಾಲವರೆಗೂ ಹೂತುಹೋಗುವ ತಣ್ಣನೆಯ ಕೆಸರು. ಅಂದು ಕಾಲು ಹೂತುಹೋಗಲಿಲ್ಲ. ಹಾರಿ ಕುಣಿದಳು. ಹಿಮ್ಮಡಿಯಿಂದ ಗುದ್ದಿದಳು. ಮಣ್ಣಿನ ಮೇಲೆ ಗುಬ್ಬಿ ನಡೆದಷ್ಟೂ ಗುರುತಿರಲಿಲ್ಲ. ಪಕ್ಕದಲ್ಲಿ ಒಂದು ಒಣಎಲೆ ಬಿತ್ತು. ಅದರ ಅಂಚು ಮಣ್ಣಿನಲ್ಲಿ ಮೂಡಿತು.

ವಾಕಿಯಾ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದಳು. "ನಿನ್ನ ಮಡಕೆ ಕಂಠದವರೆಗೂ ತುಂಬಿದೆ, ನಿನ್ನ ತೂಕಾನೆಲ್ಲ ಅದೇ ಎಳ್ಕೊಂಡಿದೆ. ನಾಳೆಗೆ ನೀನು ಇರಲ್ಲ."

"ಒಡೆದು ಹಾಕ್ತೀನಿ."

"ನಿನ್ನ ಮುಖ ಕಣೇ ಅದು. ಅದು ಒಡೆದ್ರೆ ನೀನೂ ಒಡೀತೀಯ." ಮುದುಕಿ ದನಿ ಇಳಿಸಿದಳು. "ಒಂದೇ ದಾರಿ. ಇನ್ನೊಬ್ಬರ ಮುಖ ಮಾಡು, ಕಣ್ಣು ತೆರೆದು. ಅದು ಅವರ ಕಡೆ ತಿರುಗುತ್ತೆ. ನಿನ್ನಿಂದ ತಗೊಂಡಿದ್ದು ನಿನಗೆ ವಾಪಸ್ ಬರುತ್ತೆ. ಹಿಂದೆ ಮಾಡಿದೋರಿದ್ದಾರೆ."

"ನೀನು ಮಾಡಿದ್ಯಾ?"

ವಾಕಿಯಾ ಆ ಒಣಎಲೆಯನ್ನು ಹೆಕ್ಕಿ ಬೆರಳಲ್ಲಿ ಪುಡಿಮಾಡಿದಳು.

ಲಿತುಕಾ ಗುಂಡಿಯಿಂದ ಹತ್ತಿದಳು. ಹತ್ತಲು ಶ್ರಮವೇ ಬೇಕಾಗಲಿಲ್ಲ. ಬಿಸಿಲಿನಲ್ಲಿ ಹಲಗೆಯ ಮೇಲೆ ಅವಳದೇ ಮುಖ ಅವಳನ್ನೇ ನೋಡುತ್ತಿತ್ತು. ಚಾಕು ಮಸೆಯುವ ಕಲ್ಲನ್ನು ಕೈಗೆತ್ತಿಕೊಂಡಳು.

"ಕಣ್ಣು ತೆರೆದಿರೋದು ತಾನೇ ತಪ್ಪು? ಮುಚ್ಚಿಸ್ತೀನಿ."

"ಬೇಡ ಮಗಳೇ. ಸುಟ್ಟ ಮಣ್ಣನ್ನ ಮುಚ್ಚೋಕಾಗಲ್ಲ. ಅದೇನು ಕೇಳುತ್ತೋ."

"ಕೇಳೋದೆಲ್ಲ ಅದೇ ಆಯ್ತು. ಈಗ ನಾನು."

ಎಡಗಣ್ಣಿನ ಮೇಲೆ ಕಲ್ಲಿಟ್ಟು ಉಜ್ಜಿದಳು. ಕಿರ್ರ್. ಹಲ್ಲು ಜುಮ್ಮೆಂದಿತು. ಕೆಂಪು ಪುಡಿ ಉದುರಿತು. ಪಾಪೆಯ ಅಂಚು ಸವೆಯಿತು. ಅವಳ ಎಡಗಡೆಯ ಚಪ್ಪರ ಮಂಕಾಯಿತು. ಇನ್ನೂ ಉಜ್ಜಿದಳು. ಆವೆ ಹೋಯಿತು. ವಾಕಿಯಾ ಮರೆಯಾದಳು. ಎಡಕ್ಕೆ ಬರೀ ಕಪ್ಪು.

"ನಿಲ್ಲಿಸೇ. ಒಂದು ಕಣ್ಣಾದ್ರೂ ಇರಲಿ."

ಉಳಿದ ಕಣ್ಣಿನಿಂದ ಲಿತುಕಾ ಮಡಕೆಯೊಳಗೆ ನೋಡಿದಳು. ಬೂದಿ ಇನ್ನೂ ಏರುತ್ತಿತ್ತು. ನಿಧಾನವಾಗಿ. ಆದರೂ ಏರುತ್ತಿತ್ತು. ಆಕಾಶ ನೋಡಿದಳು. ತನ್ನ ಕೈ ನೋಡಿದಳು. ಮಡಕೆಯ ಬಲಗಣ್ಣನ್ನು ದಿಟ್ಟಿಸಿದಳು; ಎಷ್ಟು ಚೆನ್ನಾಗಿ ಮಾಡಿದ್ದಳು ಅದನ್ನು.

ಕಲ್ಲು ಇಟ್ಟಳು. ಉಜ್ಜಿದಳು. ಬೆರಳು ಹರಿಯಿತು. ಬಿಡಲಿಲ್ಲ. ಬೆಳಕು ಗೆರೆಯಾಯಿತು. ಗೆರೆ ಚುಕ್ಕೆಯಾಯಿತು. ಉಜ್ಜಿದಳು. ಚುಕ್ಕೆ ಆರಿತು. ಮಡಕೆಯ ಉಸಿರು ನಿಂತಿತು. ಅವಳದು ನಿಲ್ಲಲಿಲ್ಲ.

ಕತ್ತಲಲ್ಲಿ ಕೈಚಾಚಿ ನಡೆದು ಗುಂಡಿಗಿಳಿದಳು. ಕೆಸರು ಮೊಣಕಾಲವರೆಗೂ ಬಂದು ಅಪ್ಪಿಕೊಂಡಿತು.

ಹತ್ತು ದಿನಗಳ ಬಳಿಕ ದಕ್ಕಿಯ ಎಂಬವನು ಬಂದ. ದಂಡಿನಿಂದ ನಿವೃತ್ತನಾದವನು, ಊರಿನಲ್ಲಿ ಕಲ್ಲಿನ ಮನೆಯಿದ್ದವನು. ಬದುಕಿರುವಾಗಲೇ ಗೋರಿ ಕಟ್ಟಿಸಿಕೊಂಡು, ಅದರೊಳಗಿಡಲು ಕಣ್ಣು ಮುಚ್ಚಿದ ತನ್ನ ಮುಖದ ಮಡಕೆಯನ್ನು ಮಾಡಿಕೊಡಲು ಲಿತುಕಾಳಿಗೆ ಮೊದಲೇ ಹೇಳಿದ್ದ.

"ಬೇರೆಯವರು ಮಾಡಿದ್ದನ್ನ ನೋಡ್ದೆ," ಎಂದ. "ಅದು ನಾನಲ್ಲ, ಯಾವುದೋ ಹಂದಿ. ನನ್ನ ಮುಖ ನಿನ್ನ ಕೈಯಲ್ಲೇ ಆಗಬೇಕು. ನಿನಗೆ ಕಣ್ಣು ಬೇಕು. ಮುದುಕಿ ದಾರಿ ಹೇಳಿದ್ದಾಳೆ. ಇವಳನ್ನ ಕರ್ಕೊಂಡು ಬಂದಿದ್ದೀನಿ."

ಯಾರನ್ನೋ ಮುಂದೆ ತಳ್ಳಿದ ಸದ್ದು. ಉಣ್ಣೆಯ ಎಣ್ಣೆಯ ವಾಸನೆ.

"ಯಾರಮ್ಮ ನೀನು?"

"ವಿಲ್ಬಿಯಾ. ಇವರ ಮನೇಲಿ ನೇಯ್ತೀನಿ."

"ನಾನು ಕೊಂಡ ಆಳು," ಎಂದ ದಕ್ಕಿಯ. "ಕ್ರಯದ ಹಲಗೆ ನನ್ನ ಹೆಸರಲ್ಲಿದೆ. ಯಾರೂ ಕೇಳಲ್ಲ. ಮುಟ್ಟಿ ನೋಡು, ಮಾಡೋಕೆ ಸುಲಭದ ಮುಖ. ಆವೆ ಆರೋದ್ರೊಳಗೆ ನೀನು ಸಮುದ್ರ ನೋಡಬಹುದು."

ವಾಕಿಯಾ ಮಣ್ಣಿನ ಉಂಡೆಯನ್ನು ಲಿತುಕಾಳ ಅಂಗೈಗೆ ಇಟ್ಟಳು. ಸರಿಯಾದ ಹದ. ಅದು ಕೈಗೆ ತಗುಲಿದ್ದೇ ತಡ, ರೆಪ್ಪೆಯ ಹಿಂದೆ ಮಸುಕಾಗಿ ಏನೋ ಬೆಳ್ಳಗಾಯಿತು. ಹತ್ತು ದಿನಗಳಲ್ಲಿ ಮೊದಲ ಬಾರಿಗೆ. ಲಿತುಕಾ ಉಂಡೆಯನ್ನು ಬಿಗಿಯಾಗಿ ಹಿಡಿದಳು.

ಇನ್ನೊಂದು ಕೈಯನ್ನು ಹೆಂಗಸಿನ ಮುಖದ ಮೇಲಿಟ್ಟಳು. ಅಗಲ ಹಣೆ. ಮೂಗಿನ ಮೇಲೆ ಹಳೆಯ ಗಾಯ. ಬೆವರು. ಬೆರಳು ಕಣ್ಣಿಗೆ ಬಂದಾಗ ವಿಲ್ಬಿಯಾ ರೆಪ್ಪೆಗಳನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದಳು, ಎರಡು ಬಾರ್ಲಿಕಾಳುಗಳ ಹಾಗೆ.

"ತೆರೆಯೇ," ಎಂದ ದಕ್ಕಿಯ.

ಲಿತುಕಾ ಮಣ್ಣಿನ ಉಂಡೆಯನ್ನು ಅವನ ಪಾದದ ಮೇಲೆ ಬೀಳಿಸಿದಳು. ಬೆಳಕು ಆರಿತು.

"ಮಾಡಲ್ಲ."