ಒಂದೇ ಗುಂಡಿಯ ಎರಡು ಲೈನ್

ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಠಾಣೆಯ ಮೆಟ್ಟಿಲು ಹತ್ತಿದವನು ಒಂದು ಕಂಪನಿಯ ನೆಟ್‌ವರ್ಕ್ ಮ್ಯಾನೇಜರ್. ಏದುಸಿರು ಬಿಡುತ್ತಿದ್ದ, ಕೊರಳಿನ ಐಡಿ ಕಾರ್ಡು ತಿರುಗಿ ಬೆನ್ನಿಗೆ ಹೋಗಿತ್ತು. ಇನ್ಸ್‌ಪೆಕ್ಟರ್ ಆಗಷ್ಟೇ ಬೂಟಿನ ಲೇಸು ಸಡಿಲಿಸಿ ಕಾಲು ಚಾಚಿದ್ದರು. ಬೆಳಗಿನಿಂದ ಎರಡು ಬೈಕ್ ಕಳವು, ಒಂದು ಗಂಡ ಹೆಂಡಿರ ಜಗಳ, ಕೋರ್ಟಿನಲ್ಲಿ ಅರ್ಧ ದಿನ ನಿಂತು ಬರೀ ವಾಯಿದೆ ಪಡೆದು ಬಂದದ್ದು, ಇಷ್ಟಾಗಿತ್ತು. ತಾವು ಕಾಲು ಚಾಚುವುದನ್ನೇ ದೂರುದಾರರು ಹೊರಗೆ ನಿಂತು ಕಾಯುತ್ತಿರುತ್ತಾರೆ ಎಂಬುದು ಇಷ್ಟು ವರ್ಷದ ನೌಕರಿಯಲ್ಲಿ ಅವರು ಕಂಡುಕೊಂಡ ಸತ್ಯ.

"ಕೂತ್ಕೊಳ್ಳಿ. ನೀರು ಕುಡೀರಿ. ಏನಾಯ್ತು?"

"ಲೈನ್ ಕಟ್ ಆಗಿದೆ ಸರ್. ಎರಡೂ."

"ಲೈನ್ ಹೋದ್ರೆ ಲೈನಿನವರಿಗೆ ಹೇಳ್ಬೇಕಪ್ಪ."

"ಇದು ಮೂರನೇ ಸಲ ಸರ್. ಯಾರೋ ಬೇಕಂತ್ಲೇ ಮಾಡ್ತಿದ್ದಾರೆ."

ಕಂಪನಿಗೆ ಹಲವು ಊರುಗಳಲ್ಲಿ ಆಫೀಸುಗಳು, ದೂರದಲ್ಲೊಂದು ಡೇಟಾ ಸೆಂಟರ್. ಈ ಊರಿನ ಆಫೀಸಿನಲ್ಲಿ ಕೂತವರ ಕೆಲಸ ಗ್ರಾಹಕರ ಫೋನ್ ಕರೆಗಳಿಗೆ ಉತ್ತರ ಕೊಡುವುದು. ಮೊದಲು ಊರೂರಿನಿಂದ ಡೇಟಾ ಸೆಂಟರಿಗೆ ಕಂಪನಿಯದೇ ಪ್ರತ್ಯೇಕ ಲೈನು ಇತ್ತು. ಹೋದ ವರ್ಷ ಅದನ್ನೆಲ್ಲ ತೆಗೆದುಹಾಕಿ ಕ್ಲೌಡ್ ಮೂಲಕ ಜೋಡಿಸಿದರು. ಪ್ರತಿ ಆಫೀಸಿಗೂ ಒಂದು ಪೆಟ್ಟಿಗೆ, ಅದಕ್ಕೆ ಎರಡು ಬೇರೆ ಬೇರೆ ಕಂಪನಿಗಳ ಇಂಟರ್‌ನೆಟ್ ಲೈನು. ಒಂದು ಹೋದರೆ ಇನ್ನೊಂದು ಹಿಡಿದುಕೊಳ್ಳುತ್ತದೆ. ಎರಡೂ ಒಟ್ಟಿಗೆ ಹೋಗುವ ಮಾತೇ ಇಲ್ಲ ಎಂದು ದೊಡ್ಡವರ ಮುಂದೆ ಎದೆ ತಟ್ಟಿ ಹೇಳಿದ್ದವನು ಇದೇ ಮ್ಯಾನೇಜರ್.

"ಕ್ಲೌಡ್ ಅಂದ್ರೆ ಮೋಡ ಅಲ್ವಾ ಸಾರ್? ಅದು ಯಾವ ಸ್ಟೇಷನ್ ಸರಹದ್ದಿಗೆ ಬರುತ್ತೆ?" ಎಂದ ಹೆಡ್ ಕಾನ್ಸ್‌ಟೇಬಲ್. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಅವನನ್ನು ಠಾಣೆಯಲ್ಲಿ ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು.

"ಸುಮ್ನೆ ಬರಕೊಳ್ಳಯ್ಯಾ," ಎಂದರು ಇನ್ಸ್‌ಪೆಕ್ಟರ್. "ಲೈನ್ ಹೋದಾಗ ಆಫೀಸಲ್ಲಿ ಏನಾಗುತ್ತೆ?"

"ಕರೆಗಳೆಲ್ಲ ತಾವಾಗೇ ಬೇರೆ ಊರಿನ ಆಫೀಸಿಗೆ ಹೋಗ್ತವೆ. ಅರ್ಧ ಗಂಟೇಲಿ ಸರಿ ಹೋಗ್ಲಿಲ್ಲ ಅಂದ್ರೆ ಇಲ್ಲಿ ಶಿಫ್ಟಲ್ಲಿರೋರನ್ನ ಮನೆಗೆ ಕಳಿಸ್ಬಿಡ್ತೀವಿ."

"ಹಾಗಾದ್ರೆ ನಷ್ಟ ಯಾರಿಗೆ?"

"ನಮಗೇ ಸರ್. ನೀವಿಲ್ದೆನೂ ಕೆಲಸ ನಡೀತಿದೆಯಲ್ಲ ಅಂತಿದ್ದಾರೆ ಮೇಲಿನವರು. ಇನ್ನೊಂದ್ಸಲ ಆದ್ರೆ ಈ ಆಫೀಸೇ ಮುಚ್ಚಿಬಿಡ್ತಾರೆ."

ಹೇಳುವಾಗ ಅವನ ದನಿ ಬಿದ್ದುಹೋಯಿತು. ಕೆಲಸ ಬಿಟ್ಟುಹೋದ ಒಬ್ಬ ಎಂಜಿನಿಯರ್ ಮೇಲೆ ತನಗೆ ಅನುಮಾನ, ಅವನಿಗೆ ಕ್ಲೌಡಿನ ಪಾಸ್‌ವರ್ಡ್ ಗೊತ್ತು ಎಂದೂ ಸೇರಿಸಿದ. ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು. ತಾವು ಬರುವ ತನಕ ಯಾರೂ ರಿಪೇರಿಗೆ ಕೈ ಹಾಕಬಾರದು ಎಂದು ಇನ್ಸ್‌ಪೆಕ್ಟರ್ ಫೋನ್ ಮಾಡಿಸಿ, ಲೇಸು ಬಿಗಿದು ಎದ್ದರು.

ಆಫೀಸಿನ ಮುಂದೆ ಜನ ಜಾತ್ರೆಯಂತೆ ನೆರೆದಿದ್ದರು. ಮನೆಗೆ ಹೋಗಿ ಎಂದರೂ ಹೋಗದೆ ಗುಂಪುಗುಂಪಾಗಿ ಹರಟುತ್ತಿದ್ದರು. ಮ್ಯಾನೇಜರ್ ಲ್ಯಾಪ್‌ಟಾಪ್ ತೆರೆದು, ಪಾಸ್‌ವರ್ಡ್ ಬಳಸಿ ಯಾರಾದರೂ ಒಳಗೆ ಬಂದಿದ್ದಾರಾ ಎಂದು ಕ್ಲೌಡಿನಲ್ಲಿ ಹುಡುಕಿ ತೋರಿಸಿದ. ಯಾರೂ ಬಂದಿರಲಿಲ್ಲ. ಹಳೇ ಎಂಜಿನಿಯರ್ ಮೇಲಿನ ಅನುಮಾನ ಅಲ್ಲಿಗೇ ಬಿದ್ದುಹೋಯಿತು.

"ಅದಿರಲಿ, ಲೈನ್ ಕಟ್ಟಡದ ಒಳಗೆ ಎಲ್ಲಿಂದ ಬರುತ್ತೆ ತೋರಿಸಿ," ಎಂದರು ಇನ್ಸ್‌ಪೆಕ್ಟರ್.

ಮ್ಯಾನೇಜರ್ ತಬ್ಬಿಬ್ಬಾದ. ಅವನು ಯಾವತ್ತೂ ಕೆಳಗಿಳಿದು ಅದನ್ನು ನೋಡಿದವನೇ ಅಲ್ಲ. ಕೊನೆಗೆ ತೋರಿಸಿದವನು ಗೇಟಿನ ವಾಚ್‌ಮನ್. ಫುಟ್‌ಪಾತಿನಲ್ಲಿ ಒಂದು ಸಿಮೆಂಟ್ ಮುಚ್ಚಳ, ಅದರಡಿ ಗುಂಡಿ, ಗುಂಡಿಯಿಂದ ಕಟ್ಟಡಕ್ಕೆ ಒಂದೇ ಒಂದು ಪೈಪು. ರಸ್ತೆ ಅಗೆಯಲು ಎರಡನೇ ಸಲ ಅನುಮತಿ ಸಿಗದೆ ಎರಡು ಕಂಪನಿಯವರೂ ಅದೇ ಪೈಪಿನಲ್ಲಿ ಕೇಬಲ್ ಎಳೆದಿದ್ದರು. ಆ ಕೆಲಸಕ್ಕೆ ಇಬ್ಬರೂ ಹಿಡಿದದ್ದು ಒಬ್ಬನೇ ಗುತ್ತಿಗೆದಾರನನ್ನು.

"ಅಯ್ಯೋ, ಎರಡು ಲೈನಿಗೆ ಎರಡು ಬಿಲ್ ಕಟ್ತಿದೀವಲ್ಲ ಸರ್," ಎಂದು ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ಕೂತ.

ಕೇಬಲ್ ಜೋಡಿಸುವವನು ಆಗಲೇ ಬಂದು ಸ್ಕೂಟರಿಗೆ ಒರಗಿ ನಿಂತಿದ್ದ. ಕಿತ್ತಳೆ ಜಾಕೆಟ್ಟು, ಕಾಲ ಬಳಿ ಜೋಡಿಸುವ ಯಂತ್ರದ ಪೆಟ್ಟಿಗೆ. ಎದುರಿನ ಜೆರಾಕ್ಸ್ ಅಂಗಡಿಯವನನ್ನೂ ವಾಚ್‌ಮನ್ನನ್ನೂ ಪಂಚರನ್ನಾಗಿ ಮಾಡಿಕೊಂಡು ಇನ್ಸ್‌ಪೆಕ್ಟರ್ ಮುಚ್ಚಳ ತೆಗೆಸಿದರು. ಎರಡೂ ಕೇಬಲ್ ನೀಟಾಗಿ ತುಂಡಾಗಿದ್ದವು. ಇಲಿ ಕಡಿದದ್ದಲ್ಲ, ಜೆಸಿಬಿ ಕಿತ್ತದ್ದೂ ಅಲ್ಲ. ತುಂಡಾದ ನಾಲ್ಕೂ ತುದಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಟೇಪು ಅಂಟಿಸಲಾಗಿತ್ತು.

"ಮುಚ್ಚಳ ನೀನು ತೆಗೆದಿದ್ದೆಯಾ?"

"ಇಲ್ಲ ಸರ್. ಈಗ ತಾನೇ ಬಂದೆ," ಎಂದ ಜೋಡಿಸುವವನು.

"ಸರಿ ಮಾಡೋಕೆ ಎಷ್ಟು ಹೊತ್ತು?"

"ಸಾಯಂಕಾಲ ಐದು ದಾಟುತ್ತೆ ಸರ್."

ಪಂಚನಾಮೆ ಬರೆದು, ಫೋಟೊ ತೆಗೆದು, ಟೇಪಿನ ಸಮೇತ ಒಂದೊಂದು ಗೇಣು ಕೇಬಲ್ ಕತ್ತರಿಸಿ ಜಪ್ತಿ ಮಾಡಿದರು. ಕೇಬಲ್ ಕತ್ತರಿಸಿದ ಮಹಾಶಯ ಅದಕ್ಕೆ ಬ್ಯಾಂಡೇಜು ಯಾಕೆ ಕಟ್ಟಿದ ಎಂದು ಉದ್ದಣ್ಣ ಜೀಪಿನುದ್ದಕ್ಕೂ ಕೇಳುತ್ತಲೇ ಇದ್ದ. ಇನ್ಸ್‌ಪೆಕ್ಟರೂ ಅದನ್ನೇ ಯೋಚಿಸುತ್ತಿದ್ದರು.

ಬುಧವಾರ ಆಫೀಸಿನ ಪಕ್ಕದ ಮೆಡಿಕಲ್ ಶಾಪಿನ ಸಿಸಿಟಿವಿ ದೃಶ್ಯ ಸಿಕ್ಕಿತು. ಹಾಡಹಗಲೇ ಕಿತ್ತಳೆ ಜಾಕೆಟ್ಟು, ಹೆಲ್ಮೆಟ್ಟು ತೊಟ್ಟವನೊಬ್ಬ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಗುಂಡಿಗೆ ಇಳಿದು, ಮೇಲೆ ಬಂದು ಹೋಗಿದ್ದ. ಜನ ಅವನನ್ನು ಬಳಸಿಕೊಂಡು ನಡೆದಿದ್ದರು. ಹತ್ತು ಹೆಜ್ಜೆ ದೂರದಲ್ಲಿ ವಾಚ್‌ಮನ್ ಪೇಪರ್ ಓದುತ್ತಿದ್ದ. ಮುಖ ಎಲ್ಲೂ ಕಾಣಲಿಲ್ಲ. ಆ ದೃಶ್ಯದ ಫೋಟೊ, ಗುಂಡಿಯಲ್ಲಿ ತೆಗೆದ ಫೋಟೊ ಎರಡನ್ನೂ ಹಿಡಿದು ಇನ್ಸ್‌ಪೆಕ್ಟರ್ ಗುತ್ತಿಗೆದಾರನ ಆಫೀಸಿಗೆ ಹೋದರು.

ಅಲ್ಲಿದ್ದ ಸೂಪರ್‌ವೈಸರ್ ಟೇಪಿನ ಫೋಟೊ ನೋಡಿ ನಕ್ಕೇಬಿಟ್ಟ. "ಇದು ನಮ್ಮ ಭಾವಯ್ಯನ ಕೈಕೆಲಸ. ಎಲ್ಲರನ್ನೂ ಭಾವ ಅಂತಾನೆ, ಅದಕ್ಕೇ ಆ ಹೆಸರು. ಮಿಕ್ಕವರು ಹಾಗೇ ಬಿಟ್ಟು ಬರ್ತಾರೆ. ಅವನಿಗೆ ಮಾತ್ರ ತುದಿ ಮುಚ್ಚದೆ ನಿದ್ದೆ ಬರಲ್ಲ."

"ನಿನ್ನೆ ಅದನ್ನ ಜೋಡಿಸಿದ್ದು ಯಾರು?"

"ಅವನೇ. ಆ ಏರಿಯಾ ಪೂರ್ತಿ ಅವನದೇ."

ಹೇಳಿ ಮುಗಿಸುವಷ್ಟರಲ್ಲಿ ಸೂಪರ್‌ವೈಸರನ ನಗು ಇಂಗಿಹೋಯಿತು.

ಗುರುವಾರ ಮಧ್ಯಾಹ್ನ ಇನ್ನೊಂದು ಬೀದಿಯಲ್ಲಿ ಕೆಲಸ ಮಾಡುತ್ತಿದ್ದ ಭಾವಯ್ಯನನ್ನು ಠಾಣೆಗೆ ಕರೆತಂದರು. ಅವನು ಓಡಲಿಲ್ಲ. ಕೈಯಲ್ಲಿದ್ದ ಕೆಲಸ ಮುಗಿಸಿ ಬರಲೇ ಎಂದು ಕೇಳಿದನಂತೆ. ಇನ್ಸ್‌ಪೆಕ್ಟರ್ ಜಪ್ತಿ ಮಾಡಿದ ತುಂಡನ್ನು ಮೇಜಿನ ಮೇಲಿಟ್ಟರು.

"ಕತ್ತರಿಸಿದ ಮೇಲೆ ಇದನ್ನ ಯಾಕೆ ಸುತ್ತಿದೆ ನೀನು?"

"ದೂಳು ಒಳಗೆ ಹೋದ್ರೆ ಕೇಬಲ್ ಹಾಳಾಗುತ್ತೆ ಸರ್," ಎಂದವನು ಬಾಯಿ ತಪ್ಪಿತೆಂದು ತಿಳಿದು ತಲೆ ತಗ್ಗಿಸಿದ.

"ಮೂರು ಸಲವೂ ನೀನೇನಾ?"

"ಹೂಂ."

"ಯಾರು ಹೇಳಿ ಮಾಡಿಸಿದ್ದು?"

"ಯಾರೂ ಇಲ್ಲ ಸರ್."

"ಮತ್ತೆ ಯಾಕೆ?"

ಅವನು ಅಂಗೈ ಉಜ್ಜಿಕೊಂಡ.

"ನನ್ನ ಹೆಂಡ್ತಿ ಅದೇ ಆಫೀಸಲ್ಲಿ ಫೋನ್ ತಗೋತಾಳೆ ಸರ್. ಮಾವ ಆಸ್ಪತ್ರೆಲಿದ್ದಾರೆ. ಇನ್ನೇನು ಇವತ್ತೋ ನಾಳೆಯೋ ಅಂದಿದ್ದಾರೆ ಡಾಕ್ಟ್ರು. ನೋಡೋಕೆ ಬಿಡೋದು ನಾಲ್ಕರಿಂದ ಐದು, ಅಷ್ಟೇ. ಇವಳ ಶಿಫ್ಟು ಮಧ್ಯಾಹ್ನದಿಂದ ರಾತ್ರಿ ತನಕ."

"ರಜೆ ಕೇಳಬೇಕಿತ್ತು."

"ಕೇಳಿದ್ಲು. ಹೊಸಬರಿಗೆ ರಜೆ ಇಲ್ಲ ಅಂದ್ರು. ಬಿಟ್ಟು ಬಾ ಅನ್ನೋ ಹಾಗೂ ಇಲ್ಲ, ಮಾವನ ಹಾಸಿಗೆ ಇರೋದೇ ಅವಳ ಕಂಪನಿ ಇನ್ಶೂರೆನ್ಸ್ ಮೇಲೆ. ತಾಯಿ ಇಲ್ದಿರೋ ಮಗಳು ಸರ್ ಅವಳು, ಜಡೆ ಹಾಕಿ ಸ್ಕೂಲಿಗೆ ಕಳಿಸಿದ್ದು ಅವರೇ. ದಿನಾ ನಾನು ಹೋದಾಗ್ಲೂ ನನ್ನ ಬೆನ್ನ ಹಿಂದೆ ನೋಡ್ತಾರೆ, ಅವಳು ಬಂದ್ಲಾ ಅಂತ. ನನಗೆ ತಡಕೊಳ್ಳೋಕಾಗ್ಲಿಲ್ಲ."

"ಲೈನ್ ಹೋದ ದಿನ ಅವಳು ಹೋಗಿ ನೋಡಿದಳಾ?"

"ಮೂರು ದಿನವೂ."

"ನೀನು ಮಾಡಿದ್ದು ಅಂತ ಅವಳಿಗೆ ಗೊತ್ತಾ?"

"ಇಲ್ಲ ಸರ್. ಮನೆಗೆ ಬಂದು, ಇವತ್ತೂ ಲೈನ್ ಹೋಯ್ತು ಕಣ್ರೀ, ದೇವರು ಕಣ್ಣು ಬಿಟ್ಟ ಅಂತಾಳೆ. ನಾನು ಹೂಂ ಅಂತೀನಿ."

ಉದ್ದಣ್ಣ ಬರೆಯುವುದನ್ನು ನಿಲ್ಲಿಸಿ ಕಿಟಕಿಯ ಕಡೆ ತಿರುಗಿಕೊಂಡ. ಇನ್ಸ್‌ಪೆಕ್ಟರಿಗೂ ಸಂಕಟವಾಯಿತು. ಆದರೂ ಹೇಳಲೇಬೇಕಿತ್ತು, ಹೇಳಿದರು. "ಇನ್ನೊಂದ್ಸಲ ಲೈನ್ ಹೋಗಿದ್ರೆ ಆ ಆಫೀಸೇ ಮುಚ್ಚುತ್ತಿದ್ರು. ನಿನ್ನ ಹೆಂಡ್ತಿ ಕೆಲಸವೂ ಹೋಗ್ತಿತ್ತು, ಇನ್ಶೂರೆನ್ಸೂ ಹೋಗ್ತಿತ್ತು."

ಭಾವಯ್ಯನ ಮುಖ ಬಿಳಿಚಿಕೊಂಡಿತು. "ಅದು ಗೊತ್ತಿರ್ಲಿಲ್ಲ ಸರ್," ಎಂದ.

ಮೂರು ಐವತ್ತಕ್ಕೆ ದಸ್ತಗಿರಿ ಎಂದು ಉದ್ದಣ್ಣ ಮೆಮೊ ಬರೆದ. ಆಸಾಮಿಯ ಜೇಬಿನಲ್ಲಿದ್ದದ್ದನ್ನು ಪಟ್ಟಿ ಮಾಡಿ, ಸಹಿ ಹಾಕಿಸಿಕೊಂಡು, ನಿಯಮದಂತೆ ಕೇಳಿದ. "ದಸ್ತಗಿರಿ ವಿಷಯ ಮನೆಯವರಿಗೆ ತಿಳಿಸಬೇಕು. ಯಾರಿಗೆ ತಿಳಿಸೋಣ?"

ಅಲ್ಲಿಯತನಕ ನೆಲ ನೋಡುತ್ತ ಕೂತಿದ್ದವನು ಥಟ್ಟನೆ ತಲೆಯೆತ್ತಿದ.

"ಹೆಂಡ್ತಿಗೆ. ಈಗ್ಲೇ ಮಾಡಿ ಸರ್. ಅವಳ ಮೊಬೈಲ್ ಒಳಗೆ ಬಿಡಲ್ಲ, ಮ್ಯಾನೇಜರಿಗೆ ಮಾಡಿ. ಪೊಲೀಸ್ ಸ್ಟೇಷನ್ನಿಂದ ಅಂದ್ರೆ ಕಳಿಸಲೇಬೇಕಲ್ವಾ?"

ಇನ್ಸ್‌ಪೆಕ್ಟರ್ ಫೋನನ್ನು ತಾವೇ ಎಳೆದುಕೊಂಡರು. ಲೈನ್ ಇವತ್ತು ಚೆನ್ನಾಗಿದೆ ಸರ್ ಎಂದು ಮ್ಯಾನೇಜರ್ ಶುರು ಮಾಡಿದ್ದನ್ನು ಅರ್ಧಕ್ಕೇ ತಡೆದು, ಅವಳನ್ನು ಕರೆಸಿದರು.

"ನಾನು ಸ್ಟೇಷನ್ ಇನ್ಸ್‌ಪೆಕ್ಟರ್ ಮಾತಾಡ್ತಿರೋದಮ್ಮ. ನಿಮ್ಮ ಯಜಮಾನರು ನಮ್ಮ ಹತ್ತಿರ ಇದ್ದಾರೆ. ದಸ್ತಗಿರಿ ಆಗಿದೆ. ಆರಾಮಾಗಿದ್ದಾರೆ, ಹೆದರಬೇಡಿ."

"ಈಗ್ಲೇ ಬರ್ತೀನಿ ಸರ್," ಎಂದಳು ಅವಳು.

ಭಾವಯ್ಯ ಎರಡೂ ಕೈ ಆಡಿಸಿ ಬೇಡ ಬೇಡ ಎಂದ. "ಇಲ್ಲಿಗೆ ಬೇಡ ಸರ್. ಮೊದ್ಲು ಅಪ್ಪನ ಹತ್ರ ಹೋಗು ಅನ್ನಿ."

"ಇಲ್ಲಿ ಈಗ ನಿಮ್ಮ ಕೆಲಸ ಏನೂ ಇಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್. "ಆಸ್ಪತ್ರೆಗೆ ಹೋಗಿ, ಅಪ್ಪನ್ನ ನೋಡಿಕೊಂಡು, ಆಮೇಲೆ ಬನ್ನಿ. ನಾನು ಇಲ್ಲೇ ಇರ್ತೀನಿ."