ಎಲ್ಡರ್‌ಸ್ಟನ್ ಚರ್ಚಿನ ಕಲ್ಲುಕೂಸು

2019ರ ಅಕ್ಟೋಬರ್ 14, ಸೋಮವಾರ. ಬೆಳಿಗ್ಗೆ 9.20ಕ್ಕೆ ಎಲ್ಡರ್‌ಸ್ಟನ್ ಊರಿನ ಪಾದ್ರಿ ಇಮೊಜೆನ್ ಲೇ ಠಾಣೆಗೆ ಫೋನ್ ಮಾಡಿ, ಚರ್ಚಿನ ತೊಟ್ಟಿಯಲ್ಲಿದ್ದ ಮಗು ಕಾಣುತ್ತಿಲ್ಲ ಎಂದರು. ಕಾನ್‌ಸ್ಟೆಬಲ್ ಡಂಕನ್ ಮೀಕ್ ಗಾಬರಿಯಿಂದ ಮಗುವಿನ ವಯಸ್ಸು ಕೇಳಿದ. ಆರುನೂರು ವರ್ಷ ಎಂಬ ಉತ್ತರ ಬಂತು. ಆಮೇಲಷ್ಟೇ ಅವನಿಗೆ ಅದು ಕಲ್ಲಿನ ಮಗು ಎಂದು ಗೊತ್ತಾದದ್ದು.

10.15ಕ್ಕೆ ಇನ್‌ಸ್ಪೆಕ್ಟರ್ ರೋವೆನಾ ಕ್ಯಾಚ್‌ಪೋಲ್ ಮೀಕ್‌ನನ್ನು ಕರೆದುಕೊಂಡು ಚರ್ಚಿಗೆ ಬಂದರು. ದೀಕ್ಷಾಸ್ನಾನದ ಕಲ್ಲುತೊಟ್ಟಿ ಪಶ್ಚಿಮದ ಬಾಗಿಲ ಬಳಿ ಇತ್ತು. ಅದಕ್ಕೆ ಎಂಟು ಮುಖ, ಒಂದೊಂದರಲ್ಲೂ ಒಂದೊಂದು ಕೆತ್ತನೆ. ಗೋಡೆಯ ಕಡೆಗಿದ್ದ ಮುಖದಲ್ಲಿ ಪಾದ್ರಿಯೊಬ್ಬ ಕೂಸನ್ನು ನೀರಿನ ಮೇಲೆ ಎತ್ತಿ ಹಿಡಿದಿದ್ದ. ಈಗ ಅವನ ಎರಡು ಕೈಗಳ ನಡುವೆ ಏನೂ ಇರಲಿಲ್ಲ. ಶತಮಾನಗಳ ಹಿಂದೆ ಮತಸುಧಾರಣೆಯ ಹೆಸರಿನಲ್ಲಿ ವಿಗ್ರಹ ಒಡೆಯುವವರು ಬಂದಾಗ ಊರವರು ಇಡೀ ತೊಟ್ಟಿಗೆ ಗಾರೆ ಬಳಿದು ಬಚ್ಚಿಟ್ಟು ಉಳಿಸಿಕೊಂಡಿದ್ದರಂತೆ. ಅಂಥದ್ದು ತಮ್ಮ ಕಾಲದಲ್ಲಿ ಹೋಯಿತಲ್ಲ ಎಂದು ಇಮೊಜೆನ್ ತಾವೇ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ನಿಂತರು.

ಮಹಜರು ನಡೆಯಿತು. ಬಾಗಿಲಿನ ಬೀಗ ಒಡೆದಿರಲಿಲ್ಲ. ಹುಂಡಿಯಾಗಲೀ ಬೆಳ್ಳಿಯ ಬಟ್ಟಲಾಗಲೀ ಹೋಗಿರಲಿಲ್ಲ. ಅಕ್ಟೋಬರ್ 6ರ ಭಾನುವಾರ ನಡೆದ ದೀಕ್ಷಾಸ್ನಾನದ ಫೋಟೋಗಳಲ್ಲಿ ಕಲ್ಲುಕೂಸು ಇದ್ದಲ್ಲೇ ಇತ್ತು. ಆಮೇಲೆ ಅದನ್ನು ಗಮನಿಸಿದವರು ಯಾರೂ ಇಲ್ಲ. ಅಂದು ಬೆಳಿಗ್ಗೆ ಕಸ ಗುಡಿಸಲು ಬಂದಾಗಲೇ ಅದು ಇಲ್ಲದ್ದು ಇಮೊಜೆನ್ ಕಣ್ಣಿಗೆ ಬಿದ್ದದ್ದು.

ಕೀಲಿಕೈ ಇದ್ದದ್ದು ಮೂವರ ಬಳಿ. ಒಬ್ಬರು ಪಾದ್ರಿ. ಇನ್ನೊಬ್ಬರು ಚರ್ಚಿನ ಆಡಳಿತ ನೋಡಿಕೊಳ್ಳುವ ವಾರ್ಡನ್ ಆಂಬ್ರೋಸ್ ಥರ್ಟಲ್, ಎಪ್ಪತ್ತಾರು ವರ್ಷದ ಅವಿವಾಹಿತ. ಮೂರನೆಯವನು ಗೋಪುರದ ಗೋಡೆ ರಿಪೇರಿಗೆ ಬಂದಿದ್ದ ಕಲ್ಲುಕುಟಿಗ ಡೆನ್ಜಿಲ್ ರಿಕ್ಸ್. ಆಂಬ್ರೋಸ್ ತಮ್ಮ ತಂಗಿ ಡಾರ್ಕಸ್‌ಳನ್ನು ಹಿಂದಿನ ಶುಕ್ರವಾರವಷ್ಟೇ ಅದೇ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದ್ದರು. ಹೇಳಿಕೆ ಕೊಡುವಾಗ ಅವರ ದನಿ ಕೇಳಿಸದಷ್ಟು ಸಣ್ಣಗಿತ್ತು. ಯಾರ ಮೇಲಾದರೂ ಅನುಮಾನವಿದೆಯೇ ಎಂದು ಕೇಳಿದ್ದಕ್ಕೆ, ಉಳಿ ಸುತ್ತಿಗೆ ಇಟ್ಟುಕೊಂಡು ಓಡಾಡುವವನು ಡೆನ್ಜಿಲ್ ಒಬ್ಬನೇ ಎಂದರು.

ಡೆನ್ಜಿಲ್ ಮೇಲೆ ಒಂದು ಹಳೆಯ ಕೇಸಿತ್ತು. ಎಂಟು ವರ್ಷದ ಹಿಂದೆ ಬೇರೊಂದು ಚರ್ಚಿನ ಚಾವಣಿಯಿಂದ ಸೀಸದ ಹಾಳೆ ಕಿತ್ತು ಮಾರಿದ್ದ. ಅಂದೇ ಮಧ್ಯಾಹ್ನ 2.30ಕ್ಕೆ ಅವನನ್ನು ಠಾಣೆಗೆ ಕರೆತಂದರು. ವ್ಯಾನಿನಲ್ಲಿ ಉಳಿಗಳು ಸಿಕ್ಕವು, ಕೂಸು ಸಿಗಲಿಲ್ಲ.

"ಸೀಸ ಕದ್ದೋನು ನಾನೇ ಮೇಡಂ. ಜೈಲಿಗೂ ಹೋಗ್ಬಂದೆ. ಆದ್ರೆ ಮಗು ಕದಿಯೋ ಮಟ್ಟಕ್ಕೆ ಇಳಿದಿಲ್ಲ," ಎಂದ ಡೆನ್ಜಿಲ್.

"ಮತ್ತೆ ಯಾರು?"

"ನೀವು ತೆಗೆದ ಫೋಟೋ ಕೊಡಿ ಇಲ್ಲಿ." ಅವನು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ. "ಕಳ್ಳ ಆಗಿದ್ರೆ ಒಂದೇಟು ಹಾಕಿ ಒಡ್ಕೊಂಡು ಹೋಗ್ತಿದ್ದ. ಇವನು ನೋಡಿ, ಆ ಪಾದ್ರಿ ಬೆರಳಿಗೆ ಒಂದು ಗೀರೂ ಬೀಳದ ಹಾಗೆ ಬಿಡಿಸಿದಾನೆ. ಆಮೇಲೆ ಕಿತ್ತ ಜಾಗಾನ ಉಜ್ಜಿ ನಯ ಮಾಡಿದಾನೆ. ನಂಗೆ ಬರಲ್ಲ ಈ ಕೆಲಸ. ನಾವು ಮಷೀನ್ ಹಚ್ಚೋ ಜನ. ಇದು ಯಾರೋ ಮುದುಕನ ಕೈ."

ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡರು. ಆದರೆ ಅವನನ್ನು ಬಿಟ್ಟದ್ದು ಮಾರನೆಯ ದಿನ ಮಧ್ಯಾಹ್ನ. ಅಷ್ಟರಲ್ಲಿ ಸುದ್ದಿ ಸುತ್ತಲ ಊರಿಗೆಲ್ಲ ಹರಡಿತ್ತು.

ಮಂಗಳವಾರ ಮೀಕ್ ಚರ್ಚಿನ ರಿಪೇರಿ ಕಡತಗಳನ್ನು ತಿರುವಿ ಹಾಕಿದ. 1981ರಲ್ಲಿ ತೊಟ್ಟಿಯ ಬುಡ ಬಿರುಕು ಬಿಟ್ಟಾಗ ಸರಿಮಾಡಿದ ಕಲ್ಲುಕುಟಿಗನ ಹೆಸರು ಅದರಲ್ಲಿತ್ತು: ಎ. ಥರ್ಟಲ್. ಊರಿಗೆಲ್ಲ ಗೊತ್ತಿದ್ದ ವಿಷಯ. ಪೊಲೀಸರು ಕೇಳಿರಲಿಲ್ಲ, ಆಂಬ್ರೋಸ್ ಹೇಳಿರಲಿಲ್ಲ.

ಬುಧವಾರ ಬೆಳಿಗ್ಗೆ 11ಕ್ಕೆ ಡಾರ್ಕಸ್‌ಳ ಅಂತ್ಯಕ್ರಿಯೆಯ ಏರ್ಪಾಡು ನೋಡಿಕೊಂಡಿದ್ದ ಮಹಿಳೆಯ ಹೇಳಿಕೆ ಪಡೆದರು. ಪೆಟ್ಟಿಗೆ ಮುಚ್ಚುವ ಮುನ್ನ ಅಣ್ಣ ಹತ್ತು ನಿಮಿಷ ತಂಗಿಯ ಜೊತೆ ಒಬ್ಬರೇ ಇರಬೇಕೆಂದರಂತೆ. ಕೈಯಲ್ಲಿ ಹಳೆಯ ಉಣ್ಣೆ ಶಾಲಿನ ಸಣ್ಣ ಗಂಟಿತ್ತು. ಹೊರಗೆ ಬಂದಾಗ ಅದು ಇರಲಿಲ್ಲ. ಚಿಕ್ಕಂದಿನ ಗೊಂಬೆ ಇರಬೇಕು ಎಂದುಕೊಂಡು ಆಕೆ ವಿಚಾರಿಸಿರಲಿಲ್ಲ.

ಮಧ್ಯಾಹ್ನ 3.10ಕ್ಕೆ ಇನ್‌ಸ್ಪೆಕ್ಟರ್ ಮತ್ತು ಮೀಕ್ ಆಂಬ್ರೋಸರ ಮನೆಯ ಬಾಗಿಲು ತಟ್ಟಿದರು. ಮುದುಕ ಅಡುಗೆಮನೆಯಲ್ಲಿ ಕೂರಿಸಿ ಚಹಾ ಮಾಡಿಕೊಟ್ಟರು.

"ಡೆನ್ಜಿಲ್‌ನ ಬಿಟ್ರಾ?" ಎಂದು ಅವರೇ ಕೇಳಿದರು.

"ನಿನ್ನೆ ಬಿಟ್ವಿ. ಅವನ ಧಣಿ, ಇನ್ಮೇಲೆ ಕೆಲಸಕ್ಕೆ ಬರ್ಬೇಡ ಅಂದಿದಾನಂತೆ," ಎಂದರು ಇನ್‌ಸ್ಪೆಕ್ಟರ್.

ಆಂಬ್ರೋಸ್ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಇದ್ದರು.

"ಥರ್ಟಲ್ ಅವರೇ, ಶಾಲಿನಲ್ಲಿ ಏನಿತ್ತು?"

"ನಿಮಗೆ ಗೊತ್ತಾಗಿದೆ."

"ನಿಮ್ಮ ಬಾಯಿಂದ ಬರ್ಬೇಕು."

"ಕೂಸು. ಗುರುವಾರ ಬೆಳಿಗ್ಗೆ ಬಿಡಿಸಿದೆ. ಎರಡು ಗಂಟೆ ಹಿಡೀತು. ಡೆನ್ಜಿಲ್ ಹೆಸರು ಹೇಳಿದ್ದೂ ನಾನೇ. ಅದನ್ನೂ ಬರ್ಕೊಳ್ಳಿ."

3.25ಕ್ಕೆ ಇನ್‌ಸ್ಪೆಕ್ಟರ್ ಎದ್ದು ನಿಂತು ಆರೋಪ ಓದಿ ಹೇಳಿದರು, ಸುಮ್ಮನಿರುವ ಹಕ್ಕಿದೆ ಎಂದೂ ತಿಳಿಸಿದರು. ಬಂಧನವಾಯಿತು. ಆಂಬ್ರೋಸ್ ಒಲೆ ಆರಿಸಿ, ಕಪ್ಪುಗಳನ್ನು ತೊಳೆದಿಟ್ಟು ಕೋಟು ಹಾಕಿಕೊಂಡರು.

ಸುಮ್ಮನಿರುವ ಹಕ್ಕನ್ನು ಅವರು ಬಳಸಿಕೊಳ್ಳಲಿಲ್ಲ, ಠಾಣೆಯಲ್ಲಿ ಎಲ್ಲವನ್ನೂ ಹೇಳಿದರು. 1965ರ ಸೆಪ್ಟೆಂಬರಿನಲ್ಲಿ ಹತ್ತೊಂಬತ್ತರ ಡಾರ್ಕಸ್ ಅದೇ ಮನೆಯ ಮೇಲಿನ ಕೋಣೆಯಲ್ಲಿ ಹೆತ್ತಳು. ಮದುವೆಯಾಗಿರಲಿಲ್ಲ. ಮಗುವಿಗೆ ಉಸಿರು ಸರಿಯಾಗಿ ಬರುತ್ತಿರಲಿಲ್ಲ, ಸಂಜೆಯವರೆಗೆ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಹೇಳಿದಳು. ಡಾರ್ಕಸ್ ಅಣ್ಣನ ಕೈ ಹಿಡಿದು, ಸಾಯುವ ಮುನ್ನ ಮಗುವಿಗೆ ದೀಕ್ಷಾಸ್ನಾನವಾಗಲಿ, ಪಾದ್ರಿಯನ್ನು ಕರೆದುಕೊಂಡು ಬಾ, ಅವರು ಸಿಗದಿದ್ದರೆ ತೊಟ್ಟಿಯಿಂದ ಒಂದು ಹೂಜಿ ನೀರಾದರೂ ತಾ ಎಂದು ಬೇಡಿಕೊಂಡಳು. ಇಪ್ಪತ್ತೆರಡರ ಆಂಬ್ರೋಸ್ ಹೂಜಿ ಹಿಡಿದು ಓಡಿದ. ಚರ್ಚಿನ ಬಾಗಿಲು ತೆರೆದೇ ಇತ್ತು. ಒಳಗೆ ಸುಗ್ಗಿಯ ಪ್ರಾರ್ಥನೆಗೆಂದು ಹೆಂಗಸರು ಹೂವು ಜೋಡಿಸುತ್ತಿದ್ದರು. ಹೂಜಿ ಕಂಡು ಒಬ್ಬಳು, ನೀರು ಯಾರಿಗೆ ಎಂದು ಕೇಳಿದಳು.

"ಊರಿಗೆ ಗೊತ್ತಾಗುತ್ತೆ ಅಂತ ಹೆದರಿ, ಹೂವಿಗೆ ಅಂದುಬಿಟ್ಟೆ," ಎಂದರು ಆಂಬ್ರೋಸ್. "ಹೂಜಿ ಅಲ್ಲೇ ಇಟ್ಟು ಬಂದೆ. ಚರ್ಚಿಗೆ ಬೀಗ ಬಿದ್ದಿದೆ, ಪಾದ್ರಿ ಊರಲ್ಲಿಲ್ಲ ಅಂತ ತಂಗಿಗೆ ಹೇಳ್ದೆ. ಮಗು ನಾಲ್ಕೂವರೆಗೆ ಹೋಯ್ತು."

ದೀಕ್ಷೆಯಾಗದ ಕೂಸು ಎಂದು ಅದನ್ನು ಅಂಗಳದ ಉತ್ತರದ ಮೂಲೆಯಲ್ಲಿ ಗುರುತಿಲ್ಲದೆ ಹೂತರು. ಜಾಗ ತೋರಿಸಬಲ್ಲವರು ಈಗ ಯಾರೂ ಉಳಿದಿಲ್ಲ. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ, ಮನೆಯ ನಲ್ಲಿ ನೀರಿನಿಂದಲೇ, ದೀಕ್ಷೆ ಕೊಡಬಹುದಿತ್ತು ಎಂದು ಆಂಬ್ರೋಸರಿಗೆ ತಿಳಿದದ್ದು ವಾರ್ಡನ್ ಆದ ಮೇಲೆ. ತಂಗಿಗೆ ಅದನ್ನೂ ಹೇಳಲಿಲ್ಲ. ಅಣ್ಣ ತಂಗಿ ಐವತ್ತನಾಲ್ಕು ವರ್ಷ ಒಂದೇ ಮೇಜಿನಲ್ಲಿ ಉಂಡರು.

"ಸಾಯೋ ಹಿಂದಿನ ದಿನ, ನನ್ನ ಕೂಸಿನ ಪಕ್ಕ ಮಲಗಿಸಿ ಅಂದ್ಲು. ಎಲ್ಲಿ ಅಂತ ಮಲಗಿಸ್ಲಿ? ಆಮೇಲೆ ನನ್ನ ತಲೆ ಸವರಿ, ಬೀಗ ಹಾಕಿದ್ರೆ ನೀನೇನು ಮಾಡ್ತಿದ್ದೆ ಅಣ್ಣ, ಬೇಜಾರು ಮಾಡ್ಕೋಬೇಡ ಅಂದ್ಲು. ಆಗ್ಲೂ ನಿಜ ಹೇಳೋಕೆ ಬಾಯಿ ಬರ್ಲಿಲ್ಲ ನಂಗೆ."

ಸಂಜೆ 5.40ಕ್ಕೆ ಇಮೊಜೆನ್ ಠಾಣೆಗೆ ಬಂದು, ಕೂಸನ್ನು ತೆಗೆಯಲು ಡಾರ್ಕಸ್‌ಳ ಗೋರಿ ಅಗೆಯಿರಿ ಎಂದು ಚರ್ಚು ಕೇಳುವುದಿಲ್ಲ ಎಂದು ಬರೆದುಕೊಟ್ಟರು. ತೊಟ್ಟಿ ಹಾಗೇ ಇರಲಿ, ಆ ಕೈಗಳು ಖಾಲಿಯೇ ಇರಲಿ ಎಂದರು. ಆದರೆ ಡೆನ್ಜಿಲ್‌ನ ವಿಷಯದಲ್ಲಿ ಆಂಬ್ರೋಸರನ್ನು ಕ್ಷಮಿಸುವುದು ತಮ್ಮ ಕೈಯಲ್ಲಿಲ್ಲ ಎಂದೂ ಹೇಳಿದರು. ಆಂಬ್ರೋಸ್ ತಲೆಯಾಡಿಸಿದರು.

ಮೀಕ್ ಹೇಳಿಕೆಯನ್ನು ಬರೆದು ಮುಗಿಸಿ ಓದಿ ಹೇಳಿದ. ಕೃತ್ಯದ ಕಾರಣ ಎಂಬಲ್ಲಿ, ತಂಗಿಯ ಸಾವಿನ ದುಃಖ, ಎಂದು ಬರೆದಿದ್ದ. ಸಹಿ ಹಾಕಲು ಪೆನ್ನು ತೆಗೆದುಕೊಂಡ ಆಂಬ್ರೋಸ್ ತಡೆದರು.

"ಅದು ಹೊಡೆದು ಹಾಕಪ್ಪ," ಎಂದರು. "ಕಾರಣ, ನಾನು ಅವಳಿಗೆ ಹೇಳಿದ ಸುಳ್ಳು ಅಂತ ಬರಿ."