ನೀರುಗಂಟಿಯ ಮಗಳು ಮತ್ತು ತೂತಿನ ಬಟ್ಟಲು

ಬೆಟ್ಟಗಳು ಮಾತಾಡುವುದನ್ನು ಇನ್ನೂ ಮರೆತಿರದ ಕಾಲದಲ್ಲಿ ಹಂಸಾವತಿ ಎಂಬ ರಾಜ್ಯವಿತ್ತು. ರಾಜ್ಯಕ್ಕೆಲ್ಲ ಒಂದೇ ಕೆರೆ. ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಬಿಡುವವನು ನೀರುಗಂಟಿ ಜವರಯ್ಯ. ಅವನ ಹತ್ತಿರ ಅಂಗೈಯಗಲದ ತಾಮ್ರದ ಬಟ್ಟಲೊಂದಿತ್ತು. ಅದರ ತಳದಲ್ಲಿ ಸಣ್ಣ ತೂತು. ನೀರು ತುಂಬಿದ ಹಂಡೆಯಲ್ಲಿ ತೇಲಿಬಿಟ್ಟರೆ ಬಟ್ಟಲು ಮೆಲ್ಲಗೆ ತುಂಬಿ ಮುಳುಗುತ್ತಿತ್ತು. ಮುಳುಗಿತೋ, ಒಬ್ಬರ ಸರದಿ ಮುಗಿಯಿತು, ಮುಂದಿನವರದು ಶುರು. ಅರಸ ಚಿತ್ರಸೇನನ ಗದ್ದೆಗೂ ಅದೇ ಬಟ್ಟಲು, ಕಡೆಗದ್ದೆಯ ಮುದುಕಿ ಸಾಕವ್ವನಿಗೂ ಅದೇ ಬಟ್ಟಲು. ಜವರಯ್ಯನ ಮೇಲೆ ಜನಕ್ಕೆ ಎಷ್ಟು ನಂಬಿಕೆಯೆಂದರೆ, ಯಾರೂ ಹಂಡೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ದಿನ ಬೆಳಗಾಗುವಷ್ಟರಲ್ಲಿ ಕೆರೆಯ ನೀರೆಲ್ಲ ಗಾಜಾಗಿತ್ತು. ಮೀನುಗಳು ಬಾಯಿ ತೆರೆದಲ್ಲೇ ನಿಂತಿದ್ದವು. ಗಾಜಿನ ಮೇಲೆ ಬೂದಿಮೀಸೆಯ ಮಂತ್ರವಾದಿಯೊಬ್ಬ ಚಕ್ಕಳಮಕ್ಕಳ ಹಾಕಿ ಕೂತು ಮೀಸೆ ತಿರುವುತ್ತಿದ್ದ. ತಿರುವಿದಷ್ಟೂ ಬೂದಿ ಉದುರುತ್ತಿತ್ತು. ಅಂಥ ಮೀಸೆಯ ಮೇಲೂ ಅವನಿಗೆ ಅದೆಷ್ಟು ಜಂಬ!

"ಮೋಸವಿಲ್ಲದ ನೀರಿಗೆ ನನ್ನ ಮಂತ್ರ ತಾಗುವುದಿಲ್ಲ" ಎಂದು ಅವನು ನಕ್ಕ. "ಈ ಕೆರೆಯ ಹಂಚಿಕೆಯಲ್ಲಿ ಮೋಸವಿದೆ. ಮೂರು ಹಗಲು ಕಳೆದರೆ ಕೆರೆ ನನ್ನದು!"

ಆಗ ಕೆರೆ ಏರಿಯ ಬುಡದಿಂದ ಮುನ್ನೂರು ವರ್ಷದ ಆಮೆ ಕತ್ತು ಚಾಚಿತು. "ಆ ಮೋಸ ಏನೆಂದು ಬಲ್ಲವರು ಏರಿಯ ಮೇಲೆ ನಿಂತು ಹೇಳಲಿ, ಮಂತ್ರ ಮುರಿಯುತ್ತದೆ. ದಿನಕ್ಕೊಂದು ಸಲ ಕೇಳುತ್ತೇನೆ."

ಬಲ್ಲವಳು ಒಬ್ಬಳಿದ್ದಳು, ಜವರಯ್ಯನ ಮಗಳು ಪುಟ್ಟೀರಿ. ಹಿಂದಿನ ದಿನವಷ್ಟೇ ಹುಣಸೆಹಣ್ಣು ಹಾಕಿ ಬಟ್ಟಲು ಬೆಳಗುವಾಗ, ತೂತಿನ ಅಂಚಿಗೆ ಜೇನುಮೇಣ ಅಂಟಿದ್ದು ಅವಳ ಬೆರಳಿಗೆ ತಾಕಿತ್ತು. ಗುಟ್ಟು ಅವಳಿಗೆ ಆಗಲೇ ಹೊಳೆದಿತ್ತು: ತಮ್ಮ ಗದ್ದೆಯ ಸರದಿ ಬಂದಾಗ ಅಪ್ಪ ಮೇಣ ಹಚ್ಚಿ ತೂತು ಕಿರಿದು ಮಾಡುತ್ತಿದ್ದ. ಬಟ್ಟಲು ತಡವಾಗಿ ಮುಳುಗಿ, ಅವನ ಗದ್ದೆಗೆ ಹೆಚ್ಚು ಹೊತ್ತು ನೀರು ಹರಿಯುತ್ತಿತ್ತು. ಸಂಜೆ ತೂಬು ಮುಚ್ಚುವ ಹೊತ್ತಿಗೆ ಎಲ್ಲರಿಗಿಂತ ಕಡೆಯವಳಾದ ಸಾಕವ್ವನ ಸರದಿ ಅರ್ಧಕ್ಕೇ ನಿಲ್ಲುತ್ತಿತ್ತು. ಬಟ್ಟಲಿನಲ್ಲಿ ಮೋಸ ಮಾಡಿದ ನೀರುಗಂಟಿಗೆ ಆ ರಾಜ್ಯದಲ್ಲಿ ಗಡೀಪಾರೇ ಶಿಕ್ಷೆ. ತಾಯಿಯಿಲ್ಲದ ತನ್ನನ್ನು ಎದೆಗವಚಿಕೊಂಡು ಸಾಕಿದ ಅಪ್ಪ!

ಮೊದಲ ದಿನ ಆಮೆ ಕೇಳಿತು, "ಬಲ್ಲವರು ಯಾರು?" ಪುಟ್ಟೀರಿ ತಲೆ ತಗ್ಗಿಸಿ ಜನರ ಹಿಂದೆ ಸರಿದಳು. ಗಾಜು ಕೆರೆ ದಾಟಿ ಕಾಲುವೆಗಳಿಗೆ ಹಬ್ಬಿತು.

ಎರಡನೆಯ ದಿನ ಆಮೆ ಕೇಳಿತು, "ಬಲ್ಲವರು ಯಾರು?" ಪುಟ್ಟೀರಿ ಮುಂದೆ ಬಂದು, "ಮೋಸ ಮಾಡಿದವಳು ನಾನೇ" ಎಂದಳು. ಆಮೆ ಅವಳನ್ನು ದಿಟ್ಟಿಸಿತು. "ಪ್ರೀತಿ ನಿಜ ಮಗಳೇ, ಮಾತು ಸುಳ್ಳು." ಮನೆಮನೆಯ ಕೊಡದಲ್ಲಿದ್ದ ನೀರೂ ಗಾಜಾಯಿತು.

ಮೂರನೆಯ ದಿನ ಬೆಳಗ್ಗೆ ಪುಟ್ಟೀರಿ ಬಟ್ಟಲನ್ನು ತಂದು ಅಪ್ಪನ ಮಡಿಲಲ್ಲಿಟ್ಟಳು. ಜವರಯ್ಯನ ಮುಖ ಬಿಳಿಚಿಕೊಂಡಿತು.

"ಎಲ್ಲಾ ಗೊತ್ತಾಗೋಯ್ತೇನವ್ವಾ?"

"ಗೊತ್ತಾಯ್ತು ಕಣಪ್ಪಾ. ಇವತ್ತು ಹೇಳಿಬಿಡ್ತೀನಿ. ದೂರ ನಿಂತು ಬೆರಳು ತೋರ್ಸಲ್ಲ, ನಿನ್ನ ಕೈ ಹಿಡ್ಕಂಡೇ ಹೇಳ್ತೀನಿ. ಗಡಿ ದಾಟಿಸಿದ್ರೆ ನಾನೂ ಬತ್ತೀನಿ."

ಬಾಗಿಲ ಬಳಿ ಎರಡು ಗಂಟುಗಳಿದ್ದವು. ಒಂದರಲ್ಲಿ ಅವನ ಕಂಬಳಿ, ಇನ್ನೊಂದರಲ್ಲಿ ಅವಳ ಸೀರೆ. ಜವರಯ್ಯ ಗಂಟುಗಳನ್ನು ನೋಡಿದ, ಮಗಳನ್ನು ನೋಡಿದ, ಎದ್ದು ಹೊರಟ.

ಏರಿಯ ಮೇಲೆ ಅರಸನೊಂದಿಗೆ ಊರಿಗೆ ಊರೇ ಸೇರಿತ್ತು. ಆಮೆ ಕೇಳಿತು. ಪುಟ್ಟೀರಿ ಅಪ್ಪನ ಕೈ ಬಿಗಿಯಾಗಿ ಹಿಡಿದು ಮೇಣದ ಸಂಗತಿಯನ್ನೆಲ್ಲ ಹೇಳಿದಳು. ಎಂಥ ಗುಂಡಿಗೆ ಆ ಹುಡುಗಿಯದು! ಗಾಜು ನಡುವೆ ಬಿರುಕುಬಿಟ್ಟು, ಅಲ್ಲೇ ನಿಂತಿತು.

"ಇನ್ನರ್ಧ ಸತ್ಯ ಬೇರೆಯವರ ಬಾಯಲ್ಲಿದೆ" ಎಂದಿತು ಆಮೆ.

ಜವರಯ್ಯ ಬಲಗೈ ಎತ್ತಿದ. "ಮೇಣ ಹಚ್ಚಿದ್ದು ಈ ಕೈ. ಸಾಕವ್ವಾ, ನಿನ್ನ ನೀರು ಕದ್ದೆ. ತಪ್ಪಾಯ್ತು."

ಕೆರೆ ಫಳಾರನೆ ಒಡೆದು ನೀರಾಯಿತು. ಮಂತ್ರವಾದಿ ಕೂತಿದ್ದ ಭಂಗಿಯಲ್ಲೇ ಮುಳುಗಿ, ಒಂದು ಹಿಡಿ ಬೂದಿಯಾಗಿ ಕರಗಿಹೋದ. ಮೀನುಗಳು ತೆರೆದ ಬಾಯಿ ಮುಚ್ಚಿಕೊಂಡು ಓಡಿದವು.

ಅರಸ ಚಿತ್ರಸೇನ ನಿಟ್ಟುಸಿರುಬಿಟ್ಟು, "ಕಟ್ಟಳೆಯ ಪ್ರಕಾರ ಗಡೀಪಾರು" ಎಂದ.

"ಇರಿ ಬುದ್ಧಿ" ಎಂದು ಸಾಕವ್ವ ಕೋಲೂರಿಕೊಂಡು ಬಂದಳು. "ನೀರು ಹೋಗಿದ್ದು ನಂದು. ಇವನನ್ನ ಕಾಡಿಗಟ್ಟಿದ್ರೆ ನಂಗೇನು ಸಿಕ್ತು? ಮೂರು ವರ್ಷ ನನ್ನ ಗದ್ದೆ ಕಾಲುವೆ ತೋಡ್ಲಿ. ಬಟ್ಟಲು ಮಾತ್ರ ಮಗಳ ಕೈಗೆ ಕೊಡಿ."

ಅರಸ ಒಪ್ಪಿ, ತಾನೇ ಎದ್ದು ಬಂದು ಪುಟ್ಟೀರಿಯ ಕೈಗೆ ಬಟ್ಟಲು ಕೊಟ್ಟ. ಅಂದಿನಿಂದ ಪ್ರತಿ ಸರದಿಗೂ ಅವಳು ಬಟ್ಟಲನ್ನು ಬಿಸಿಲಿಗೆ ಎತ್ತಿ ಹಿಡಿಯುತ್ತಿದ್ದಳು. ತೂತಿನಿಂದ ಬೆಳಕು ಬಂದದ್ದನ್ನು ಎಲ್ಲರೂ ನೋಡಿದ ಮೇಲೆಯೇ ಹಂಡೆಯಲ್ಲಿ ತೇಲಿಬಿಡುತ್ತಿದ್ದಳು. ಹಂಸಾವತಿಯ ಗದ್ದೆಗಳು ಹಸಿರಾದವು, ಜನ ಉಂಡುಟ್ಟು ಸುಖವಾಗಿದ್ದರು.

ತನ್ನ ಗದ್ದೆಯ ಸರದಿ ಬಂದಾಗ ಜವರಯ್ಯನೇ ಕಾಲುವೆಯಿಂದ ಕೂಗುತ್ತಿದ್ದ. "ಮಗಳೇ, ನಮ್ಮ ಸರದಿ. ಬಟ್ಟಲು ಇನ್ನೊಂದು ಸಲ ಎತ್ತಿ ತೋರ್ಸವ್ವಾ."